ಒಂದೇ ಗಡ್ಡೆಯಲ್ಲಿ ಬೇರೆ ಬೇರೆ ಜೀವಕೋಶ ಇರುತ್ತಾ?

ವಿರಾಜಪೇಟೆ ಹುಡುಗಿ:
ಚಿಕ್ಕಪ್ಪನಿಗೆ ಮೆದುಳಲ್ಲಿ ಗ್ಲಿಯೋಬ್ಲಾಸ್ಟೋಮಾ ಅನ್ನೋ ಕ್ಯಾನ್ಸರ್ ಗಡ್ಡೆ. ಆಪರೇಷನ್, ರೇಡಿಯೇಷನ್, ಟೆಮೊಜೊಲೊಮೈಡ್ ಅನ್ನೋ ಕೀಮೋ ಮಾತ್ರೆ ಎಲ್ಲಾ ಆಯ್ತು, ಕಾಫಿ ಕೊಯ್ಲಿನ ಹೊತ್ತಿಗೆ ಕಣದಲ್ಲಿ ನಿಂತು ಆಳುಗಳ ಲೆಕ್ಕ ಬರೆಯುವಷ್ಟು ಸುಧಾರಿಸಿದ್ದರು, ಈಗ ಸ್ಕ್ಯಾನಿನಲ್ಲಿ ಮತ್ತೆ ಕಾಣಿಸಿದೆ. ಗಡ್ಡೆಯ ಜೀವಕೋಶಗಳೆಲ್ಲ ಒಂದೇ ಥರ ಇಲ್ಲ ಅಂದರು ಡಾಕ್ಟರು. ಅದನ್ನು ತಿಳಿದು ಚಿಕಿತ್ಸೆಗೆ ಏನು ಪ್ರಯೋಜನ?

ಸೋಮವಾರಪೇಟೆ ಅಣ್ಣ:
ತಂಗಿ, ಓದಿ ಬೇಜಾರಾಯಿತು. 2014ರಲ್ಲಿ ವಿಜ್ಞಾನಿಗಳು ಇದೇ ಕಾಯಿಲೆಯ ಐದು ರೋಗಿಗಳ ಗಡ್ಡೆಯಿಂದ ಜೀವಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ, ಯಾವುದರಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಅಂತ ನೋಡಿದರು. ಒಬ್ಬರ ಗಡ್ಡೆಯಲ್ಲೇ ಹಲವು ಬಗೆ ಸಿಕ್ಕವು. 2019ರಲ್ಲಿ ಮುಖ್ಯವಾಗಿ ನಾಲ್ಕು ಸ್ಥಿತಿ ಗುರುತಿಸಿದರು, ಜೀವಕೋಶ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ ಬೇರೆ. ತೋಟದಲ್ಲಿ ಒಂದು ಜಾತಿ ಕಳೆಗೆ ಮದ್ದು ಹೊಡೆದರೆ ಇನ್ನೊಂದು ಜಾತಿ ಎದ್ದು ಬರುತ್ತಲ್ವಾ, ಹಾಗೆ. ಅದಕ್ಕೇ ಯಾವ ಬಗೆ ಉಳಿಯುತ್ತದೆ ಅಂತ ಹುಡುಕಿ, ಎರಡು ಮೂರು ಕಡೆಯಿಂದ ಒಟ್ಟಿಗೆ ಹೊಡೆಯುವ ಔಷಧಿ ಪ್ರಯತ್ನಿಸುತ್ತಿದ್ದಾರೆ.

ಗೋಣಿಕೊಪ್ಪ ಅಕ್ಕ:
ಇದೆಲ್ಲ ಇನ್ನೂ ಜಾಸ್ತಿ ಸಂಶೋಧನೆ ಹಂತದಲ್ಲೇ ಇದೆ. ಸದ್ಯಕ್ಕೆ ಬಯಾಪ್ಸಿ ರಿಪೋರ್ಟಿನಲ್ಲಿ ಎಂಜಿಎಂಟಿ ಮೆಥೈಲೇಷನ್ (ಮಾತ್ರೆ ಮಾಡಿದ ಹಾನಿಯನ್ನು ಸರಿಪಡಿಸುವ ಜೀನ್ ಗಡ್ಡೆಯಲ್ಲಿ ಮುಚ್ಚಿಹೋಗಿದೆ ಅಂತ ಅರ್ಥ) ಅಂತ ಇದೆಯಾ ನೋಡಮ್ಮ, ಇದ್ದರೆ ಆ ಟೆಮೊಜೊಲೊಮೈಡ್ ಮಾತ್ರೆ ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡುತ್ತದೆ. ಮತ್ತೆ ಆಪರೇಷನ್ ಆದರೆ ಹೊಸ ತುಂಡನ್ನೂ ಪರೀಕ್ಷೆಗೆ ಕಳಿಸಿ ಅಂತ ಕೇಳು. ಹಳೆಯದರ ಥರವೇ ಇರಬೇಕು ಅಂತಿಲ್ಲ.

ವಿರಾಜಪೇಟೆ ಹುಡುಗಿ:
ರಿಪೋರ್ಟಿನಲ್ಲಿ ಆ ಸಾಲು ಇಲ್ಲ ಅಕ್ಕ. ಈಗ ಮಾಡಿಸಬಹುದಾ?

ಗೋಣಿಕೊಪ್ಪ ಅಕ್ಕ:
ಹಳೆ ಬ್ಲಾಕ್, ಅಂದರೆ ಮೊದಲ ಸಲ ತೆಗೆದ ಗಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿದ್ದು, ಲ್ಯಾಬಿನಲ್ಲಿ ಇಟ್ಟಿದ್ದರೆ ಅದರಿಂದಲೇ ಆಗುತ್ತದೆ. ನಾಳೆಯೇ ಫೋನ್ ಮಾಡು.