ಡೇಟಾಬೇಸ್ ಕನೆಕ್ಟ್ ಆಗ್ತಿಲ್ಲ, ಎರಡು ರಾತ್ರಿ ಹಾಳಾಯ್ತು

ನಿದ್ದೆಗೇಡಿ: ನನ್ನ ಪಿಎಚ್‌ಪಿ ಕೋಡ್‌ನಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಕನೆಕ್ಟ್ ಆಗ್ತಾನೇ ಇಲ್ಲ. ಎಲ್ಲಾ ಸರಿಯಾಗೇ ಇದೆ. ಮೊನ್ನೆವರೆಗೂ ಇದೇ ಕೋಡ್ ಓಡುತ್ತಿತ್ತು. ತಲೆ ಕೆಟ್ಟು ಹೋಗಿದೆ.

ಹಳೇಹುಲಿ: ಪಾಸ್‌ವರ್ಡ್ ತಪ್ಪಿರುತ್ತದೆ. ಬೇರೆ ಇಟ್ಟು ನೋಡಿ.

ನಿದ್ದೆಗೇಡಿ: ಇಟ್ಟೆ. ಅದೇ ಗೋಳು.

ಹಳೇಹುಲಿ: ಅದರಲ್ಲಿ ಡಾಲರ್ ಚಿಹ್ನೆ ಇದೆಯಾ? ತೆಗೆದು ಇನ್ನೊಮ್ಮೆ ಬದಲಾಯಿಸಿ.

ನಿದ್ದೆಗೇಡಿ: ಮೂರು ಸಲ ಬದಲಾಯಿಸಿದೆ ಸಾರ್!

ಸೆಮಿಕೋಲನ್: ಸ್ವಲ್ಪ ತಾಳಿ. ಎರರ್ ನಂಬರ್ ಏನು?

ನಿದ್ದೆಗೇಡಿ: 2002, ಕನೆಕ್ಷನ್ ರೆಫ್ಯೂಸ್ಡ್. ಹೋಸ್ಟ್ 127.0.0.1, ಪೋರ್ಟ್ 3307. ಪಾಸ್‌ವರ್ಡ್ ಮುಟ್ಟುವ ಮುಂಚೆ ಟರ್ಮಿನಲ್‌ನಿಂದ ಆರಾಮಾಗಿ ಒಳಗೆ ಹೋಗುತ್ತಿದ್ದೆ.

ಸೆಮಿಕೋಲನ್: ಪಾಸ್‌ವರ್ಡ್ ತಪ್ಪಿದ್ದರೆ 1045 ಬರಬೇಕಿತ್ತು. ಇದು ಬಾಗಿಲಿಗೇ ಹೋಗಿಲ್ಲ, ಕೀಲಿಕೈ ಮಾತು ಈಗ್ಯಾಕೆ?

ಹಳೇಹುಲಿ: ಹದಿನೈದು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ನಂಬರ್ ನನಗೆ ಹೇಳಿಕೊಡಬೇಡಿ.

ಗೂಬೆ: ಪೋರ್ಟ್ 3307 ಯಾಕೆ? ಮೈಎಸ್‌ಕ್ಯೂಎಲ್‌ಗೆ ಸಾಮಾನ್ಯವಾಗಿ 3306 ಅಲ್ವಾ? ಪ್ರೋಗ್ರಾಂಗಳನ್ನು ಕಂಟೇನರ್ ಅನ್ನೋ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುತ್ತಲ್ಲ, ಆ ಡಾಕರ್ ಹಾಕಿದ್ದೀರಾ?

ನಿದ್ದೆಗೇಡಿ: ಹೌದು, ಹೇಳಲಿಲ್ವಾ? ಮೊನ್ನೆ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಎರಡನ್ನೂ ಅದರೊಳಗೆ ಹಾಕಿದೆ.

ಗೂಬೆ: ಅದನ್ನೇ ಅಲ್ವಾ ಮೊದಲು ಹೇಳಬೇಕಾಗಿದ್ದು! ಕಂಟೇನರ್ ಒಳಗೆ 127.0.0.1 ಅಂದರೆ ಆ ಕಂಟೇನರೇ, ನಿಮ್ಮ ಕಂಪ್ಯೂಟರ್ ಅಲ್ಲ. ಪಿಎಚ್‌ಪಿ ಸುಮ್ನೆ ತನ್ನ ಮನೆಯಲ್ಲೇ ಮೈಎಸ್‌ಕ್ಯೂಎಲ್ ಹುಡುಕುತ್ತಾ ಕೂತಿದೆ. ಕಂಟೇನರ್‌ಗಳ ಸೆಟ್ಟಿಂಗ್ ಬರೆದಿಡುವ ಕಂಪೋಸ್ ಫೈಲಿನಲ್ಲಿ ಡೇಟಾಬೇಸ್ ಸರ್ವಿಸ್‌ಗೆ ಏನು ಹೆಸರಿಟ್ಟಿದ್ದೀರೋ ಅದನ್ನೇ ಹೋಸ್ಟ್ ಅಂತ ಬರೆಯಿರಿ. ಪೋರ್ಟ್ 3306. ಆ 3307 ಹೊರಗಿನಿಂದ ಬರುವವರಿಗೆ ಮಾತ್ರ.

ಟೆರಾಬೈಟ್: ಇದಕ್ಕೇ ನಾನು ಡಾಕರ್ ತಂಟೆಗೆ ಹೋಗಲ್ಲ. 64 ಜಿಬಿ ರ‍್ಯಾಮ್, ಮೂರು ಮಾನಿಟರ್, ಎಲ್ಲಾ ನೇರವಾಗಿ ಇನ್‌ಸ್ಟಾಲ್. ಬೆಣ್ಣೆ ಥರ ಓಡುತ್ತೆ.

ಗೂಬೆ: ಮೂರು ಮಾನಿಟರ್ ಇದ್ದರೆ 2002 ಮೂರು ಸಲ ಕಾಣುತ್ತೆ ಅಷ್ಟೇ.

ಟೆರಾಬೈಟ್: ಅಸೂಯೆಗೆ ಮದ್ದಿಲ್ಲ.

ನಿದ್ದೆಗೇಡಿ: 2002 ಹೋಯ್ತು! ಈಗ 1045.

ಹಳೇಹುಲಿ: ಮೊದಲೇ ಹೇಳಿದ್ದೆ. ಪಾಸ್‌ವರ್ಡ್.

ಸೆಮಿಕೋಲನ್: ನೀವು ಬದಲಾಯಿಸೋಕೆ ಹೇಳಿದ್ದಕ್ಕೇ ಬಂದಿದ್ದು! ಕಂಪೋಸ್ ಫೈಲಿನ ರೂಟ್ ಪಾಸ್‌ವರ್ಡ್ ಲೆಕ್ಕಕ್ಕೆ ಬರೋದು ಡೇಟಾ ಉಳಿಸಿಡುವ ವಾಲ್ಯೂಮ್ ಖಾಲಿ ಇದ್ದಾಗ, ಮೊದಲ ಸಲ ಮಾತ್ರ. ಆಮೇಲೆ ಫೈಲಿನಲ್ಲಿ ಏನೇ ತಿದ್ದಿದರೂ ಒಳಗೆ ಹಳೇದೇ ಇರುತ್ತದೆ. ಹಳೇದನ್ನೇ ಹಾಕಿ.

ನಿದ್ದೆಗೇಡಿ: ಹಳೇದು ಮರೆತು ಹೋಗಿದೆ...

ಗೂಬೆ: ಡೇಟಾ ಮುಖ್ಯವಾದದ್ದಾ?

ನಿದ್ದೆಗೇಡಿ: ಇಲ್ಲ, ಬರೀ ಟೆಸ್ಟ್‌ಗೆ ಹಾಕಿದ್ದು.

ಗೂಬೆ: ಹಾಗಾದರೆ ಡಾಕರ್ ಕಂಪೋಸ್ ಡೌನ್ ಕೊಡುವಾಗ ಕೊನೆಗೆ ಹೈಫನ್ ವಿ (-v) ಸೇರಿಸಿ. ವಾಲ್ಯೂಮೂ ಅಳಿಸಿ ಹೋಗುತ್ತದೆ. ಮತ್ತೆ ಅಪ್ ಮಾಡಿ.

ಹಳೇಹುಲಿ: ಡಾಲರ್ ಚಿಹ್ನೆ ಮಾತ್ರ ಹಾಕಬೇಡಿ. ಕಂಪೋಸ್ ಅದನ್ನು ವೇರಿಯಬಲ್ ಅಂದುಕೊಳ್ಳುತ್ತದೆ.

ಸೆಮಿಕೋಲನ್: ಇದೊಂದು ಸರಿ.

ನಿದ್ದೆಗೇಡಿ: ಒಳಗೆ ಹೋಯ್ತು! ಈಗ ಟೇಬಲ್ಲೇ ಇಲ್ಲ ಅಂತಿದೆ, 1146. ಅದನ್ನು ನಾಳೆ ನೋಡ್ಕೋತೀನಿ.