ಗ್ರಾಮಸಭೆಯಲ್ಲಿ ಮನೆಗೆಲಸದ ಹೊರೆಯ ಮಾತನ್ನು ಎತ್ತುವುದು ಹೇಗೆ?

ಪ್ರಶ್ನೆ: ಸ್ತ್ರೀಶಕ್ತಿ ಸಂಘದ ಸದಸ್ಯೆ, ಜಗಳೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯವಳು ನಾನು. ನಮ್ಮ ಸಂಘದ ಲೆಕ್ಕಪುಸ್ತಕ ಬರೆಯುವ ಕೆಲಸ ನನ್ನದು. ಹೆಂಗಸರ ಮೇಲಿರುವ ಮನೆಗೆಲಸ ಮತ್ತು ಆರೈಕೆಯ ಹೊರೆಯನ್ನು ತಗ್ಗಿಸಬೇಕೆಂದು ಮುಂದಿನ ಮಹಿಳಾ ಗ್ರಾಮಸಭೆಯಲ್ಲಿ ಮನವಿ ಕೊಡಲು ಹನ್ನೆರಡು ಮಂದಿ ಸೇರಿ ತೀರ್ಮಾನಿಸಿದ್ದೇವೆ. ನಮ್ಮ ಸಂಘ ಸಭೆ ಸೇರುವುದು ರಾತ್ರಿ ಎಂಟೂವರೆಗೆ, ಅದಕ್ಕೆ ಮೊದಲು ಯಾರಿಗೂ ಬಿಡುವಾಗುವುದಿಲ್ಲ. ಬಂದವರಲ್ಲಿ ಇಬ್ಬರು ಮೂವರು ಗೋಡೆಗೆ ಒರಗಿದ ಕೂಡಲೇ ತೂಕಡಿಸುತ್ತಾರೆ. ಕಂತಿನ ಲೆಕ್ಕ ಓದುವಾಗ ಅವರ ಭುಜ ಮುಟ್ಟಿ ಎಬ್ಬಿಸಬೇಕಾಗುತ್ತದೆ.

ಹಿಂದೊಮ್ಮೆ ಈ ವಿಷಯ ಎತ್ತಿದಾಗ ಹಿರಿಯರೊಬ್ಬರು, "ತಾಯಂದಿರ ಋಣ ತೀರಿಸಲಾಗದ್ದು, ಅದು ಮನೆಯ ವಿಷಯ, ಪಂಚಾಯಿತಿಗೆ ಯಾಕೆ ತರುತ್ತೀರಮ್ಮ?" ಎಂದರು. ಸಭೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಮಗೆ ಆಗ ಉತ್ತರ ಹೊಳೆಯದೆ ಕುಳಿತುಬಿಟ್ಟೆವು. ಈ ಬಾರಿ ಹಾಗಾಗಬಾರದು. ಮನವಿಯಲ್ಲಿ ಏನನ್ನು ಕೇಳಬೇಕು, ಯಾವ ಆಧಾರ ಕೊಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕಿ, ಚಿತ್ರದುರ್ಗ

ತಂಗಿ, ಆ ಹಿರಿಯರು ಬಳಸಿದ ಪದವನ್ನೇ ಹಿಡಿದುಕೊಳ್ಳಿ. ಋಣವೆಂದರೆ ಸಾಲ. ಸಾಲ ಎಷ್ಟೆಂದು ಬರೆದಿಡದೆ ಇದ್ದರೆ ಅದನ್ನು ತೀರಿಸಲಾಗದು ಎಂದು ಹೇಳುವುದು ಬಹಳ ಸುಲಭ. ಲೆಕ್ಕ ಬರೆಯುವವರು ನೀವು, ಆದ್ದರಿಂದ ಲೆಕ್ಕದಿಂದಲೇ ಆರಂಭಿಸಿ.

ಜನರು ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಯಾವುದಕ್ಕೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರವೇ 2019ರಲ್ಲಿ ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಆರು ವರ್ಷ ಮೇಲ್ಪಟ್ಟವರಲ್ಲಿ ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಶೇ 81.2, ಗಂಡಸರು ಶೇ 26.1 ಇದ್ದರು. ಹಾಗೆ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದ್ದು 289ಕ್ಕೆ ಇಳಿದಿತ್ತು, ಗಂಡಸರದ್ದೂ 88ಕ್ಕೆ ಇಳಿದಿತ್ತು. ಅಂದರೆ ಹೆಂಗಸರಿಗೆ ಉಳಿದ ಆ ಹತ್ತು ನಿಮಿಷವನ್ನು ಗಂಡಸರು ಹೊತ್ತುಕೊಂಡರೆಂದು ಹೇಳುವಂತಿಲ್ಲ. 289 ನಿಮಿಷವನ್ನು ವರ್ಷಕ್ಕೆ ಹಿಗ್ಗಿಸಿದರೆ ಸುಮಾರು 1,758 ಗಂಟೆಯಾಗುತ್ತದೆ; ಎಂಟು ಗಂಟೆಯ ಪಾಳಿಯ ಲೆಕ್ಕದಲ್ಲಿ ಅದು ಸುಮಾರು 220 ದಿನದ ದುಡಿಮೆ. ಮಕ್ಕಳನ್ನು, ಕಾಯಿಲೆಯವರನ್ನು ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ.

ಇದು ಮನೆಯ ವಿಷಯ ಎನ್ನುವವರಿಗೆ ಇನ್ನೊಂದು ಆಧಾರವಿದೆ. ಅಪಘಾತದಲ್ಲಿ ತೀರಿಕೊಂಡ ದಂಪತಿಯ ಮಕ್ಕಳಿಗೆ ಪರಿಹಾರ ನಿಗದಿ ಮಾಡುವಾಗ, 2021ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ಗೃಹಿಣಿಯ ದುಡಿಮೆಗೂ ಆದಾಯ ಕಟ್ಟಬೇಕು ಎಂದಿತು, ಮತ್ತು 2019ರ ಸಮೀಕ್ಷೆಯ ಅಂಕಿಗಳನ್ನು ಆ ತೀರ್ಪಿನಲ್ಲಿ ಉಲ್ಲೇಖಿಸಿತು. ಸತ್ತ ಮೇಲೆ ಕಟ್ಟುವ ಬೆಲೆಯನ್ನು ಬದುಕಿರುವಾಗ ಯಾಕೆ ಕಟ್ಟಬಾರದು ಎಂದು ನೀವು ಸಭೆಯಲ್ಲಿ ಕೇಳಬಹುದು.

ಮನವಿಯ ದಾರಿಯನ್ನು ಅರ್ಥಶಾಸ್ತ್ರಜ್ಞೆ ಡಯೇನ್ ಎಲ್ಸನ್ ಮೂರು ಮಾತಿನಲ್ಲಿ ಹೇಳಿದ್ದಾರೆ: ಗುರುತಿಸುವುದು, ತಗ್ಗಿಸುವುದು, ಮರುಹಂಚುವುದು. ನಮ್ಮಲ್ಲಿ ಮೊದಲನೆಯದಕ್ಕೆ ಬಂದು ನಿಂತುಬಿಡುತ್ತೇವೆ ಎಂಬುದೇ ನನ್ನ ಸಂಕಟ. ಸಭೆಯಲ್ಲಿ ಯಾರಾದರೂ ಒನಕೆ ಓಬವ್ವನ ಹೆಸರೆತ್ತಿ ನಿಮ್ಮನ್ನು ಹೊಗಳಬಹುದು. ಅವಳು ನಮ್ಮ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಂಡ ಊಟಕ್ಕೆ ಕುಳಿತಿದ್ದಾಗ ಅವಳು ನೀರಿಗೆ ಹೋಗಿದ್ದಳು ಎಂದು ನಮ್ಮ ದುರ್ಗದವರೇ ಕತೆ ಹೇಳುತ್ತಾರೆ. ಹೊಗಳಿಕೆಗೆ ಕೈಮುಗಿದು, ಈಗ ನೀರಿಗೆ ಹೋಗುತ್ತಿರುವವರು ಯಾರು ಎಂದು ಕೇಳಿ.

ಉತ್ತರ 2: ಮಾಜಿ ಗ್ರಾಮ ಪಂಚಾಯಿತಿ ಸದಸ್ಯೆ, ಚಳ್ಳಕೆರೆ ತಾಲ್ಲೂಕು

ಮೇಡಂ ಅವರು ಕೊಟ್ಟ ಅಂಕಿಗಳು ಬೇಕೇ ಬೇಕು. ಆದರೆ ಪಂಚಾಯಿತಿಯಲ್ಲಿ ಐದು ವರ್ಷ ಕುಳಿತವಳಾಗಿ ಒಂದು ಮಾತು ಹೇಳುತ್ತೇನೆ: "ಹೊರೆ ಕಡಿಮೆ ಮಾಡಿ" ಎಂದು ಬರೆದರೆ ಅರ್ಜಿ ಕಡತದೊಳಗೆ ಸೇರುತ್ತದೆ, ಅಷ್ಟೆ. ಯಾರು, ಯಾವ ಕೆಲಸವನ್ನು, ಯಾವ ಹೊತ್ತಿಗೆ ಮಾಡಬೇಕು ಎಂದು ಬರೆದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ನೀರನ್ನೇ ತೆಗೆದುಕೊಳ್ಳಿ ಅಕ್ಕ. ಮನೆ ಮುಂದೆ ನಲ್ಲಿ ಬಂದಿದೆ, ಆದರೆ ನೀರು ಯಾವಾಗ ಬರುತ್ತದೆಂದು ಗೊತ್ತಿಲ್ಲ. ಕೊಳವೆಬಾವಿಯ ಮೋಟಾರಿಗೆ ತ್ರೀಫೇಸ್ ಕರೆಂಟು ಬೇಕು, ಅದು ಕೆಲವೊಮ್ಮೆ ನಡುರಾತ್ರಿ ಬರುತ್ತದೆ. ಟ್ಯಾಂಕ್ ತುಂಬಿದ ಮೇಲೆ ನೀರಗಂಟಿ ಒಂದೊಂದೇ ಓಣಿಯ ವಾಲ್ವ್ ತಿರುಗಿಸುತ್ತಾನೆ. ನಮ್ಮ ಓಣಿಯಲ್ಲಿ ಹೆಂಗಸರು ಖಾಲಿ ಸ್ಟೀಲ್ ಕೊಡವನ್ನು ನಲ್ಲಿಯ ಕೆಳಗೆ ಇಟ್ಟು ಮಲಗುತ್ತಿದ್ದರು. ಮೊದಲು ಗಾಳಿ ಬುಸ್ಸೆಂದು ಬರುತ್ತದೆ, ಆಮೇಲೆ ಕೊಡದ ತಳಕ್ಕೆ ನೀರು ಬಿದ್ದ ಸದ್ದು. ಆ ಸದ್ದಿಗೆ ಎದ್ದವರು ಮತ್ತೆ ಮಲಗುವುದಿಲ್ಲ, ಹಾಗೆಯೇ ಅಂಗಳ ಗುಡಿಸಿ ಒಲೆ ಹಚ್ಚುತ್ತಾರೆ. ನೀರು ಹಿಡಿಯಲು ಇಪ್ಪತ್ತು ನಿಮಿಷ ಸಾಕು, ಕಾಯುವುದಕ್ಕೆ ಅರ್ಧ ರಾತ್ರಿ ಹೋಗುತ್ತದೆ. ಓಣಿವಾರು ವೇಳಾಪಟ್ಟಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿ, ಬದಲಾವಣೆಯಿದ್ದರೆ ಮುನ್ನಾದಿನ ಸಂಜೆ ತಿಳಿಸಬೇಕು ಎಂದು ನಾವು ಕೇಳಿದೆವು. ಇದಕ್ಕೆ ಅನುದಾನ ಬೇಕಿಲ್ಲ, ಕ್ರಿಯಾಯೋಜನೆಯೂ ಬೇಕಿಲ್ಲ.

ನೀರಿನ ವಿಷಯದಲ್ಲಿಯೇ ನಾನು ಕಣ್ಣಾರೆ ಕಂಡ ಇನ್ನೊಂದು ಸಂಗತಿ. ನಮ್ಮ ಕಡೆ ಫ್ಲೋರೈಡ್ ಇರುವುದರಿಂದ ಶುದ್ಧ ನೀರಿನ ಘಟಕ ಬಂತು. ಕೊಡ ತಲೆಯ ಮೇಲಿದ್ದಷ್ಟು ದಿನ ನೀರು ತರುವುದು ಹೆಂಗಸರ ಕೆಲಸವಾಗಿತ್ತು. ಇಪ್ಪತ್ತು ಲೀಟರಿನ ಕ್ಯಾನು ಬೈಕಿನ ಮೇಲೆ ಕೂತ ಮೇಲೆ ಗಂಡುಹುಡುಗರೇ ತರತೊಡಗಿದರು, ಯಾರ ಮರ್ಯಾದೆಯೂ ಹೋಗಲಿಲ್ಲ. ಆದ್ದರಿಂದ "ಇದು ಹೆಣ್ಣಿನ ಕೆಲಸ" ಎಂಬುದು ಹುಟ್ಟಿನಿಂದ ಬಂದದ್ದಲ್ಲ ಎಂದು ಧೈರ್ಯವಾಗಿ ಹೇಳಿ.

ಎರಡನೆಯದು ಮೂರು ವರ್ಷದೊಳಗಿನ ಮಕ್ಕಳ ವಿಷಯ. ಶಾಲೆಗೆ ಮುಂಚಿನ ಕಲಿಕೆ ಅಂಗನವಾಡಿಯಲ್ಲಿ ಆರಂಭವಾಗುವುದೇ ಮೂರು ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವರನ್ನು ನೋಡಿಕೊಳ್ಳಲು ಎಷ್ಟೋ ಮನೆಗಳಲ್ಲಿ ದೊಡ್ಡ ಹೆಣ್ಣುಮಗಳು ಶಾಲೆ ತಪ್ಪಿಸುತ್ತಾಳೆ. ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿದ "ಕೂಸಿನ ಮನೆ" ಎಂಬ ಶಿಶುಪಾಲನಾ ಕೇಂದ್ರಗಳ ಯೋಜನೆ ಇರುವುದು ಇದಕ್ಕಾಗಿಯೇ. ನಿಮ್ಮ ಪಂಚಾಯಿತಿಯಲ್ಲಿ ಅದು ತೆರೆದಿದೆಯೇ, ತೆರೆದಿದ್ದರೆ ಕೂಲಿಗೆ ಹೊರಡುವ ಹೊತ್ತಿಗೆ ಬಾಗಿಲು ತೆಗೆಯುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಶೇಂಗಾ ಕಳೆಗೆ ಹೋಗುವವರು ಬೆಳಿಗ್ಗೆ ಏಳಕ್ಕೇ ಹೊರಟಿರುತ್ತಾರೆ.

ಗೃಹಲಕ್ಷ್ಮಿಯ ಎರಡು ಸಾವಿರ ಕೊಡುತ್ತಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಹಣ ನಮ್ಮ ಕೈಗೆ ಬರುವುದು ಒಳ್ಳೆಯದು, ಅದನ್ನು ಯಾರೂ ಹೀಗಳೆಯಬಾರದು. ಆದರೆ ಅದರಿಂದ ರಾತ್ರಿಯ ನಿದ್ದೆ ಮರಳಿ ಬರುವುದಿಲ್ಲ. ನಾವು ಕೇಳುತ್ತಿರುವುದು ಹೊತ್ತನ್ನು.

ಉತ್ತರ 3: ಮಂಡಿಯೊಂದರ ಗುಮಾಸ್ತ, ದಾವಣಗೆರೆ

ಅಕ್ಕ, ಪಂಚಾಯಿತಿಯಿಂದ ಆಗುವುದು ಅರ್ಧ. ಉಳಿದರ್ಧ ನನ್ನಂಥವರು ಮಾಡಬೇಕಾದದ್ದು. ನನ್ನ ಅವ್ವನಿಗೆ ಲಕ್ವ ಹೊಡೆದು ಎರಡು ವರ್ಷವಾಯಿತು. ಹೆಂಡತಿ ಹನ್ನೆರಡು ದಿನ ತವರಿಗೆ ಹೋಗಬೇಕಾಗಿ ಬಂದಾಗ ಅವ್ವನನ್ನು ನಾನೊಬ್ಬನೇ ನೋಡಿಕೊಂಡೆ. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಗಂಜಿಯನ್ನು ಚಮಚದಲ್ಲಿ ಕೊಟ್ಟು, ನುಂಗುವವರೆಗೆ ಗಂಟಲನ್ನೇ ನೋಡುತ್ತಿರಬೇಕು. ಹೊದಿಕೆ ಒದ್ದೆಯಾದರೆ ಅವ್ವ ಹೇಳುವುದಿಲ್ಲ, ನಾಚಿಕೊಂಡು ಗೋಡೆಯ ಕಡೆ ಮುಖ ಮಾಡುತ್ತಾಳೆ. ಅದು ಅರ್ಥವಾಗಲು ನನಗೆ ನಾಲ್ಕು ದಿನ ಬೇಕಾಯಿತು. ನನ್ನ ಹೆಂಡತಿಗೆ ಅದು ಮೊದಲೇ ಗೊತ್ತಿತ್ತು.

ಅದಕ್ಕೂ ಮೊದಲು ನಾನು "ಅವಳಿಗೆ ಸಹಾಯ ಮಾಡುತ್ತೇನೆ" ಎನ್ನುತ್ತಿದ್ದೆ. ಹೆತ್ತ ತಾಯಿಯನ್ನು ನೋಡಿಕೊಳ್ಳುವುದು ಸೊಸೆಗೆ ಮಾಡುವ ಸಹಾಯ ಹೇಗಾದೀತು? ಈಗ ರಾತ್ರಿಯ ಸರದಿ ನನ್ನದು, ಭಾನುವಾರ ತಮ್ಮನದು. ಗೋಡೆಯ ಕ್ಯಾಲೆಂಡರಿನಲ್ಲಿ ಹೆಸರು ಬರೆದುಕೊಂಡಿದ್ದೇವೆ. ನಿಮ್ಮ ಮನವಿಗೆ ಗಂಡಸರ ಸಹಿಯನ್ನೂ ಹಾಕಿಸಿ, ಆದರೆ ಸಹಿಯ ಪಕ್ಕದಲ್ಲಿ ಅವರು ಯಾವ ಕೆಲಸವನ್ನು ವಹಿಸಿಕೊಳ್ಳುತ್ತಾರೆಂದು ಬರೆಸಿಕೊಳ್ಳಿ.

ಮರುಪ್ರತಿಕ್ರಿಯೆ: ಪ್ರಶ್ನೆ ಕೇಳಿದವರು

ಮೂವರಿಗೂ ಶರಣು. ನಿನ್ನೆ ರಾತ್ರಿಯ ಸಭೆಯಲ್ಲಿ ಇವೆಲ್ಲವನ್ನೂ ಓದಿ ಹೇಳಿದೆ, ಯಾರೂ ತೂಕಡಿಸಲಿಲ್ಲ. ಏಳು ದಿನ ಹನ್ನೆರಡು ಮನೆಗಳ ಹೊತ್ತನ್ನು ಬರೆದಿಡಲು ಕಂತಿನ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಗೆರೆ ಎಳೆದಿದ್ದೇನೆ: ಕೆಲಸ, ಕಾದದ್ದು, ಯಾರು ಮಾಡಿದರು ಎಂದು ಮೂರು ಅಂಕಣ. ಓದು ಬರಹ ಬಾರದ ನಾಲ್ವರ ಮನೆಯಲ್ಲಿ ಶಾಲೆಗೆ ಹೋಗುವ ಗಂಡುಮಕ್ಕಳೇ ಬರೆಯಬೇಕೆಂದು ಗೊತ್ತುಮಾಡಿದ್ದೇವೆ. ಮನವಿಯಲ್ಲಿ ಮೊದಲ ಬೇಡಿಕೆಯಾಗಿ ನೀರಿನ ವೇಳಾಪಟ್ಟಿಯನ್ನು, ಎರಡನೆಯದಾಗಿ ಕೂಸಿನ ಮನೆಯ ಸಮಯವನ್ನು ಬರೆಯುತ್ತೇವೆ. ಗಂಡಸರ ಸಹಿಗೆ ಬೇರೆ ಹಾಳೆ ಇಟ್ಟಿದ್ದೇವೆ. ಸದ್ಯಕ್ಕೆ ಅದರಲ್ಲಿ ಒಂದು ಹೆಸರಿದೆ, ನಮ್ಮ ಮಾವನವರದು. ಪಕ್ಕದಲ್ಲಿ "ಬೆಳಗಿನ ಸಗಣಿ ಬಾಚುವುದು, ಮೊಮ್ಮಗಳನ್ನು ಅಂಗನವಾಡಿಗೆ ಬಿಡುವುದು" ಎಂದು ಅವರೇ ಬರೆದಿದ್ದಾರೆ.