ಅತ್ತೆಗೆ ಹೊಗೆ ತಪ್ಪಿಸೋದು ಹೇಗೆ? ಅನುಭವ ಇದ್ದೋರು ಹೇಳಿ

ನಮ್ಮೂರು ಪಾವಗಡ ಕಡೆ. ಮನೇಲಿ ಉಜ್ವಲ ಗ್ಯಾಸ್ ಇದೆ, ಆದ್ರೆ ಟೀ, ಒಗ್ಗರಣೆ ಬಿಟ್ರೆ ಅತ್ತೆ ಅದನ್ನ ಮುಟ್ಟಲ್ಲ. ಮುದ್ದೆ, ಸಾರು, ಸ್ನಾನದ ನೀರು ಎಲ್ಲಾ ಜಾಲಿ ಸೌದೇಲೇ. ಒಲೆ ಮುಂದೆ ಕೂತ್ರೆ ಕೆಮ್ಮು ನಿಲ್ಲಲ್ಲ. ಸಿಲಿಂಡರ್‌ಗೆ ಒಂದೇ ಸಲ ಅಷ್ಟು ದುಡ್ಡು ಹೊಂದಿಸೋದು ನಮಗೂ ಕಷ್ಟ. ಎರಡು ಹಸು ಇವೆ. ಗೋಬರ್ ಗ್ಯಾಸ್ ಮಾಡಿಸ್ಲಾ?

ಶಿರಸಿ ಕಡೆಯಿಂದ:
ನಮ್ಮಲ್ಲಿ ದೀನಬಂಧು ಅನ್ನೋ ಮಾದರಿಯ ಗೋಬರ್ ಗ್ಯಾಸ್ ವರ್ಷಗಳಿಂದ ಉರಿಯುತ್ತಿದೆ. ಆದರೆ ಮೊದಲು ಸಗಣಿ ತೂಗಿ ನೋಡಿ. 2 ಘನ ಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕೆ.ಜಿ. ಬೇಕು, ಅಂದರೆ ಕೊಟ್ಟಿಗೆಯಲ್ಲೇ ಇರುವ ನಾಲ್ಕೈದು ದನ. 1 ಘನ ಮೀಟರಿನದಕ್ಕೂ 25 ಕೆ.ಜಿ. ಬೇಕು. ಸಗಣಿಯಷ್ಟೇ ನೀರೂ ಬೇಕು. ನಿಮ್ಮ ಕಡೆ ಬೇಸಿಗೆಯಲ್ಲಿ ಅದೇ ದೊಡ್ಡ ಚಿಂತೆ. ಹುಲ್ಲಿನ ಕಡ್ಡಿ ಒಳಗೆ ಹೋದರೆ ಮೇಲೆ ಕೆನೆಗಟ್ಟಿ ಗ್ಯಾಸ್ ನಿಲ್ಲುತ್ತದೆ. ಕೊಟ್ಟಿಗೆ ತೊಳೆದ ಫಿನೈಲ್ ನೀರಂತೂ ಗುಂಡಿಯೊಳಗೆ ಬಿಡಲೇಬೇಡಿ. ಉರಿ ತುಕುತುಕು ಕುಣಿದರೆ ಪೈಪಿನಲ್ಲಿ ನೀರು ನಿಂತಿದೆ ಅಂತ ಅರ್ಥ, ಬಿಚ್ಚಿ ಚೆಲ್ಲಿದರೆ ಸರಿಹೋಗುತ್ತದೆ. ಗುಂಡಿಯಿಂದ ಹೊರಬರುವ ಬಗ್ಗಡ ತೋಟಕ್ಕೆ ಒಳ್ಳೇ ಗೊಬ್ಬರ.

ಯಾದಗಿರಿ ಕಡೆಯಿಂದ:
ಅಕ್ಕಾ, ರೊಟ್ಟಿ ಗ್ಯಾಸ್ ಮ್ಯಾಲೆ ಆಗಂಗಿಲ್ಲ ಅಂತ ನಮ್ಮವ್ವ ಹಟ ಹಿಡಿದಿದ್ಲು. ನಾವೂ ಜಗಳ ಬಿಟ್ವಿ. ರೊಟ್ಟಿ ಒಲಿ ಅಂಗಳಕ್ಕ ಹಾಕಿದ್ವಿ, ತೊಗರಿ ಕಟಗಿ ಮ್ಯಾಲೆ. ಬ್ಯಾಳಿ, ಪಲ್ಯ ಒಳಗ ಗ್ಯಾಸ್ ಮ್ಯಾಲೆ. ಮನಿಯೊಳಗ ಈಗ ಹೊಗಿ ಇಲ್ಲ. ಉಜ್ವಲದಾಗ 14.2 ಕೆ.ಜಿ.ದು ಬಿಟ್ಟು 5 ಕೆ.ಜಿ. ಸಿಲಿಂಡರ್ ತಗೊಳಾಕ ಅವಕಾಶ ಅದ, ಕೇಳ್ರಿ. ಸಬ್ಸಿಡಿ ಆಮ್ಯಾಲೆ ಖಾತೆಗೆ ಬರ್ತದ, ಮೊದಲ ಪೂರಾ ರೊಕ್ಕ ಕೊಡಬೇಕು. ಅದಕ್ಕ ನಾ ಕೂಲಿ ಬಂದ ದಿನಾನೇ ಒಂದಿಷ್ಟು ಜ್ವಾಳದ ಡಬ್ಬ್ಯಾಗ ಇಡ್ತೀನಿ.

ಹಾಸನ ಕಡೆಯಿಂದ:
ನಿಮ್ಮನೆ ಸೌದೆ ಹೆಚ್ಚು ಎಲ್ಲಿ ಉರೀತಿದೆ ನೋಡಿದೀರಾ? ನಾವು ಒಂದು ವಾರ ಅಡುಗೆ ಸೌದೆ, ಹಂಡೆ ಸೌದೆ ಬೇರೆ ಬೇರೆ ಜೋಡಿಸಿಟ್ವಿ. ಹಂಡೇದೇ ಜಾಸ್ತಿ! ಅಡುಗೆಗೆ ಅಸ್ತ್ರ ಒಲೆ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ್ದು, ಮೂರು ಪಾತ್ರೆ ಕೂರುತ್ತೆ, ಹೊಗೆ ಚಿಮಣಿಯಿಂದ ಆಚೆ ಹೋಗುತ್ತೆ. ಸೌದೆ ಸಣ್ಣಗೆ ಸೀಳಬೇಕು, ಕೊಳವೆ ಮಸಿ ಆಗಾಗ ತೆಗೀಬೇಕು, ಇಲ್ಲಾಂದ್ರೆ ಹೊಗೆ ವಾಪಸ್ ಅಡುಗೆಮನೆಗೇ ಬರುತ್ತೆ. ಇನ್ನು ಸ್ನಾನಕ್ಕೆ, ನಿಮ್ಮ ಬಿಸಿಲಿಗೆ 2,050 ಮೆಗಾವಾಟ್ ಸೋಲಾರ್ ಪಾರ್ಕೇ ನಿಂತಿದೆ. ಮಾಳಿಗೆ ಮೇಲೆ ಒಂದು ಕಪ್ಪು ಡ್ರಮ್ ಇಟ್ಟು ಸಂಜೆ ಹೊತ್ತು ಸ್ನಾನ ಮಾಡಿದ್ರೆ ಬೇಸಿಗೇಲಿ ಬೆಂಕಿನೇ ಬೇಡ. ಕೆಮ್ಮು ಎರಡು ವಾರ ದಾಟಿದ್ರೆ ದಯವಿಟ್ಟು ಕಫ ಪರೀಕ್ಷೆ ಮಾಡಿಸಿ, ಹೊಗೆ ಅಂತ ಸುಮ್ಮನಿರಬೇಡಿ.

ಪಾವಗಡದಿಂದ:
ಎಲ್ಲರಿಗೂ ನಮಸ್ಕಾರ. ಇವತ್ತು ತೂಗಿದೆ, ಎರಡೂ ಹಸುದು ಸೇರಿ 17 ಕೆ.ಜಿ. ಗೋಬರ್ ಗ್ಯಾಸ್ ಸದ್ಯಕ್ಕೆ ಬೇಡ. ಡ್ರಮ್ ಮಾಳಿಗೆ ಹತ್ತಿದೆ. ನಾಳೆ ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಅಸ್ತ್ರ ಒಲೆ ಅಂದಿದ್ದಕ್ಕೆ ಅವರು ಕೇಳಿದ್ದು ಒಂದೇ, "ಮಳೆ ಬಂದ್ರೆ ಚಿಮಣೀಲಿ ನೀರು ಒಲೆಗೆ ಇಳಿಯಲ್ವೇನಮ್ಮ?" ಮೇಲೆ ಏನು ಮುಚ್ಚಿದೀರಿ, ಹಾಕಿಸಿದೋರು ಹೇಳಿ.